ಗೋಪಮ್ಮನ ರುಚಿ ಪುಸ್ತಕ

ರಾಯಚೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಗೆ ಬಂದು ಗೋಪಮ್ಮನ ಮನೆ ಯಾವುದೆಂದು ಕೇಳಿದರೆ, ಓಣಿಯ ನಾಯಿಗಳೆಲ್ಲ ಎಲ್ಲಿ ಕೂತಿವೆ ನೋಡಿ, ಅದೇ ಮನೆ ಎನ್ನುತ್ತಾರೆ. ಹೇಳುವವರ ತುಟಿಯಲ್ಲಿ ಒಂದು ನಗೆ ಇದ್ದೇ ಇರುತ್ತದೆ. ಮನುಷ್ಯರಿಗೆ ಅಡುಗೆ ಮಾಡಿ ಹಾಕುವವರನ್ನು ಕಂಡಿದ್ದೇವೆ, ನಾಯಿಗೆ ಬಿಸ್ಕೀಟು ಸುಟ್ಟು ಮಾರುವವಳನ್ನು ಎಲ್ಲಿ ಕಂಡಿದ್ದೇವೆ ಎಂಬ ನಗೆ ಅದು. ಗೋಪಮ್ಮನಿಗೆ ಆ ನಗೆ ಗೊತ್ತು. ಅದಕ್ಕಿಂತ ಕೆಟ್ಟ ನಗೆಗಳನ್ನು ಅವಳು ಕಂಡಿದ್ದಾಳೆ. ಹಾಗಾಗಿ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅವರು ಹೆಚ್ಚು ನಗುವುದು ಇನ್ನೊಂದು ವಿಷಯಕ್ಕೆ. ಬಿಸ್ಕೀಟು ಆರಿದ ಮೇಲೆ, ಪಾಕೀಟಿಗೆ ತುಂಬುವ ಮೊದಲು, ಗೋಪಮ್ಮ ಹೊಸ್ತಿಲ ಮೇಲೆ ಕೂತು ಒಂದನ್ನು ತೆಗೆದುಕೊಂಡು ತಾನೇ ತಿನ್ನುತ್ತಾಳೆ. ಸುಮ್ಮನೆ ನಾಲಗೆಗೆ ತಾಗಿಸಿ ಉಗುಳುವುದಲ್ಲ. ಕಡಿದು, ಅಗಿದು, ನುಂಗುತ್ತಾಳೆ. ಆಮೇಲೆ ಗೆರೆ ಹಾಕಿದ ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ, ನಾಲ್ಕನೇ ಕ್ಲಾಸಿನಲ್ಲಿ ಕಲಿತ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಾಳೆ: ರುಚಿ ನೋಡಿದೆ, ಗೋಪಮ್ಮ. ಎದುರು ಮನೆಯ ಬಡೇಬೀ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ಲಬೇ ಗೋಪಮ್ಮ, ಉಪ್ಪಿಲ್ಲ ಖಾರಿಲ್ಲ, ನಾಯಿ ತಿನ್ನೋದು ನೀ ಯಾಕ ತಿಂತಿ?"

"ಮಾಡಿದಾಕಿ ತಿನ್ನಲಿಲ್ಲಂದ್ರ ಇನ್ನ್ಯಾರು ತಿನ್ನಬೇಕು" ಎಂದಳು ಗೋಪಮ್ಮ. ಅಷ್ಟಕ್ಕೇ ಅವಳ ದನಿ ಬಿಗಿದಿತ್ತು.

ಆ ಬಿಗಿತ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಎಂಟು ವರ್ಷ ಹಿಂದೆ, ಗಬ್ಬೂರಿನ ಆಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಬೇಕು. ಗಂಡ ತೀರಿಕೊಂಡ ವರ್ಷ ಗೋಪಮ್ಮನಿಗೆ ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಸಿಕ್ಕಿತು. ಕೂಲಿ ಹೊಲದಿಂದ ನೆರಳಿಗೆ ಬಂದ ಕೆಲಸ ಅದು. ಮೊದಲ ದಿನ ಹೊಸ ಸೀರೆ ಉಟ್ಟು ಹೋಗಿ ಬೇಳೆ ಸಾರು, ಅನ್ನ ಮಾಡಿದಳು. ಗಂಟೆ ಹೊಡೆಯಿತು. ಗೋಪಮ್ಮನದೇ ಕೆಳಗಿನ ಓಣಿಯ ಹದಿನಾಲ್ಕು ಮಕ್ಕಳು ತಾಟು ಹಿಡಿದು ಬಂದವು. ಮೇಲಿನ ಓಣಿಯ ಮಕ್ಕಳು ಬೇವಿನ ಗಿಡದ ಕೆಳಗೆ ಹೋಗಿ ಮನೆಯಿಂದ ತಂದ ಡಬ್ಬಿ ಬಿಚ್ಚಿದವು. ತಪ್ಪಲೆಯ ತುಂಬ ಅನ್ನ ಹಾಗೇ ಉಳಿಯಿತು. ಮಕ್ಕಳ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವಕ್ಕೇನು ಗೊತ್ತು, ಮನೆಯಲ್ಲಿ ಹೇಳಿ ಕಳಿಸಿದ್ದನ್ನು ಮಾಡಿದವು.

ಸಿಟ್ಟು ಬಂದದ್ದು ಹೆಡ್ ಮಾಸ್ತರ ಗುರುಸಿದ್ದನ ಮೇಲೆ. ಬಿಸಿಯೂಟಕ್ಕೆ ಒಂದು ನಿಯಮವಿದೆ. ಮಕ್ಕಳಿಗೆ ಬಡಿಸುವ ಮೊದಲು ಮಾಸ್ತರರು ರುಚಿ ನೋಡಬೇಕು, ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಗುರುಸಿದ್ದ ಮಾಸ್ತರ ದಿನಾ ಹನ್ನೆರಡೂವರೆಗೆ ಸರಿಯಾಗಿ ಬರುತ್ತಿದ್ದ. ಗೋಪಮ್ಮ ಸಣ್ಣ ತಾಟಿನಲ್ಲಿ ಅನ್ನ ಸಾರು ಹಾಕಿ ಕಟ್ಟೆಯ ಮೇಲೆ ಇಡುತ್ತಿದ್ದಳು. ಅವನು ತಾಟನ್ನು ಉಗುರಿನ ತುದಿಯಿಂದ ಆಚೆ ಸರಿಸಿ, ಪುಸ್ತಕ ಎಳೆದುಕೊಂಡು, "ರುಚಿ ಹಾಗೂ ಗುಣಮಟ್ಟ ತೃಪ್ತಿಕರವಾಗಿದೆ" ಎಂದು ಬರೆದು ಸಹಿ ಜಡಿದು ಹೋಗುತ್ತಿದ್ದ. ಆ ಸಹಿಗೆ ಉದ್ದನೆಯ ಒಂದು ಬಾಲ. ಸಾಲು ದಾಟಿ ಹಾಳೆಯ ಅಂಚಿನವರೆಗೂ ಹೋಗುವ ಬಾಲ. ಹನ್ನೊಂದು ತಿಂಗಳು ಗೋಪಮ್ಮ ಆ ಬಾಲ ನೋಡಿದಳು, ಆರಿಹೋದ ಆ ತಾಟನ್ನು ತಾನೇ ಉಂಡಳು.

ಹನ್ನೆರಡನೇ ತಿಂಗಳು ಮಾಸ್ತರ ಅವಳನ್ನು ಕರೆದು, "ನೀ ಇನ್ನ ಅನ್ನದ ಕಡಿ ಬರಬ್ಯಾಡ, ಪಾತ್ರಿ ತೊಳಿ. ಹುಡುಗ್ರು ಉಣ್ಣವಲ್ವು" ಎಂದ. ಮುಂದಿನ ವರ್ಷ ಆ ಕೆಲಸವೂ ಇಲ್ಲವಾಯಿತು. ಯಾಕೆಂದು ಯಾರೂ ಹೇಳಲಿಲ್ಲ. ಪುಸ್ತಕದಲ್ಲಿ ಮಾತ್ರ ಅವಳ ಅಡುಗೆ ಪ್ರತಿದಿನವೂ ತೃಪ್ತಿಕರವಾಗಿತ್ತು.

ಹಾಸ್ಟೆಲ್ಲಿನಲ್ಲಿ ಓದು ಮುಗಿಸಿದ ಮಗಳು ಮೇಘಾಳಿಗೆ ರಾಯಚೂರಿನ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ತಾಯಿಯೂ ಇಲ್ಲಿಗೆ ಬಂದಳು. ಬಂದವಳು ಮೂರು ಮನೆ ಕಸಮುಸುರೆ ಹಿಡಿದಳು. ಅದರಲ್ಲೊಂದು ಶೈಲಶ್ರೀ ಎಂಬವಳ ಮನೆ. ಆ ಮನೆಯಲ್ಲಿ ನಾಯಿ ಸೋಫಾದ ಮೇಲೆ ಮಲಗುತ್ತಿತ್ತು. ಗೋಪಮ್ಮನ ಚಾದ ಲೋಟ ಮಾತ್ರ ಹಿತ್ತಲ ಕಿಟಕಿಯಲ್ಲಿ ಬೋರಲಾಗಿ ಇರುತ್ತಿತ್ತು, ಅದನ್ನು ಅವಳೇ ತೊಳೆದು ಅಲ್ಲೇ ಇಡಬೇಕು. ಒಮ್ಮೆ ಆ ನಾಯಿ ಮೂರು ದಿನ ಏನೂ ಮುಟ್ಟದೆ ಮಲಗಿತು. ಶೈಲಶ್ರೀ ಅಳುತ್ತ ಕೂತಳು. ಗೋಪಮ್ಮನಿಗೆ ಲೋಟದ ಮೇಲೆ ಎಷ್ಟು ಸಿಟ್ಟಿದ್ದರೂ ನಾಯಿಯ ಮೇಲೆ ಯಾಕಿರಬೇಕು? ಮರುದಿನ ಕುರಿಯ ಕಲೇಜಿ, ಅಂದರೆ ಲಿವರು, ತಂದು ಬೇಯಿಸಿ ಅರೆದು, ಜೋಳದ ಹಿಟ್ಟಿನಲ್ಲಿ ನಾದಿ, ಹಂಚಿನ ಮೇಲೆ ಸುಟ್ಟು ತಂದಳು. ನಾಯಿ ಎದ್ದು ಕೂತು ಅವಳ ಅಂಗೈಯಿಂದಲೇ ತಿಂದು ಅಂಗೈ ನೆಕ್ಕಿತು.

ದಂಧೆ ಶುರುವಾದದ್ದು ಅಲ್ಲಿಂದ. ಮೇಘಾ ಒಂದು ಸಣ್ಣ ಕರೆಂಟಿನ ಒಲೆ ತಂದಳು. ದಸ್ತಗೀರ್ ಸಾಬ್ ತನ್ನ ಮಟನ್ ಅಂಗಡಿಯಿಂದ ಕಲೇಜಿ ತೆಗೆದಿಡತೊಡಗಿದ. ಮೊದಲಿಗೆ ಗೋಪಮ್ಮ ಮಾಡಿದ ತಪ್ಪು, ಅಡುಗೆಯವಳೇ ಮಾಡುವಂಥದ್ದು. ಕೈ ಸುಮ್ಮನಿರದೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಿಟಿಕೆ ಉಪ್ಪು ಹಾಕಿ ಘಮ್ಮೆನ್ನಿಸಿಬಿಟ್ಟಳು. ಪಶು ವೈದ್ಯರು ನೋಡಿ, ಉಳ್ಳಾಗಡ್ಡಿ ನಾಯಿಗೆ ವಿಷವಿದ್ದ ಹಾಗೆ ಎಂದು ಬೈದರು. ಮಾಡಿದ್ದಷ್ಟನ್ನೂ ತಿಪ್ಪೆಗೆ ಸುರಿದರೆ ಬೀದಿ ನಾಯಿ ತಿಂದೀತೆಂದು ಗುಂಡಿ ತೋಡಿ ಹೂತಳು. ಅಂದೇ ಪೇಟೆಗೆ ಹೋಗಿ ನೋಟ್‌ಬುಕ್ಕು ತಂದಳು. ತನ್ನ ಕೈಯಿಂದ ಹೋಗುವ ತಿಂಡಿಗೆ ತನ್ನದೇ ಬಾಯಿ ಜವಾಬು ಹೇಳಬೇಕು ಎಂದು ಮಗಳಿಗೆ ಹೇಳಿದಳು.

ಪಾಕೀಟಿನ ಮೇಲೆ ಅಂಟಿಸುವ ಚೀಟಿಯನ್ನು ಮೇಘಾ ಮೊಬೈಲಿನಲ್ಲೇ ಬರೆದು ಅಚ್ಚು ಹಾಕಿಸಿದಳು. "ಗೋಪಮ್ಮನ ನಾಯಿ ಬಿಸ್ಕೀಟು" ಎಂದು ದೊಡ್ಡದಾಗಿ, ಕೆಳಗೆ ಓಣಿಯ ಹೆಸರು, ಫೋನ್ ನಂಬರು. ಹುಟ್ಟಿ ನಲವತ್ತೊಂಬತ್ತು ವರ್ಷಕ್ಕೆ ತನ್ನ ಹೆಸರು ಅಚ್ಚಾದದ್ದನ್ನು ಕಂಡು ಗೋಪಮ್ಮ ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಪಾಕೀಟುಗಳು ಬಸ್ಸಿನಲ್ಲಿ ದೇವದುರ್ಗಕ್ಕೆ, ಮಾನವಿಗೆ ಹೋಗತೊಡಗಿದವು. ಹೀಗೇ ಇನ್ನಷ್ಟು ಹೋದರೆ ಮೂರು ಮನೆಯ ಮುಸುರೆ ಬಿಡಬಹುದು, ಆ ಬೋರಲು ಲೋಟವನ್ನು ಮತ್ತೆ ಮುಟ್ಟಬೇಕಾಗಿಲ್ಲ ಎಂಬುದು ಅವಳಿಗೆ ದಿನವೂ ನೆನಪಾಗುತ್ತಿತ್ತು.

ಅಂಥ ಹೊತ್ತಿಗೆ ಮೇಘಾಳ ಫೋನಿಗೆ ಒಂದು ಕರೆ ಬಂತು. ಮಾನವಿಯಲ್ಲಿ ನಾಯಿ ಬೆಕ್ಕುಗಳ ಸಾಮಾನಿನ ದೊಡ್ಡ ಅಂಗಡಿ ತೆರೆಯುತ್ತಿದ್ದೇವೆ, ವಾರಕ್ಕೆ ನೂರು ಪಾಕೀಟು ಬೇಕು, ಮಾತಾಡಲು ನಮ್ಮ ತಂದೆಯವರು ಭಾನುವಾರ ಬರುತ್ತಾರೆ ಎಂದರು. ನೂರು ಪಾಕೀಟೆಂದರೆ ಮೂರು ಮನೆಯ ಕೆಲಸ ಬಿಟ್ಟ ಹಾಗೇ. ಮೇಘಾ ಪ್ಲಾಸ್ಟಿಕ್ ಕುರ್ಚಿ ತೊಳೆದಿಟ್ಟಳು.

ಭಾನುವಾರ ಓಣಿಯ ತುದಿಯಲ್ಲಿ ಕಾರು ನಿಂತಿತು. ಬೆಲ್ಟು ಕಟ್ಟಿದ ದಪ್ಪ ನಾಯಿಯೊಂದು ಮೊದಲು ಇಳಿಯಿತು, ಅದರ ಹಿಂದೆ ಅದನ್ನು ಹಿಡಿದವನು ಇಳಿದ. ತಲೆ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ಆದರೆ ಗುರುಸಿದ್ದ ಮಾಸ್ತರನ ನಡಿಗೆಯನ್ನು ಗೋಪಮ್ಮ ಕತ್ತಲಲ್ಲೂ ಗುರುತಿಸಬಲ್ಲಳು. ಅವಳ ಕೈಯಲ್ಲಿದ್ದ ಜರಡಿ ಹಾಗೇ ನಿಂತಿತು. ಅವನು ಅವಳನ್ನು ನೇರವಾಗಿ ನೋಡಿದ. ಗುರುತು ಸಿಗಲಿಲ್ಲ.

"ಗೋಪಮ್ಮ ಅಂದ್ರ ನೀವೇ ಏನ್ರಿ? ದೇವದುರ್ಗದಿಂದ ಬಂದೀನಿ. ಈ ನಮ್ಮ ನಾಯಿ ರಾಜಾನ್ನ ಡಾಕ್ಟರಿಗೆ ತೋರ್ಸೋದಿತ್ತು, ಹಂಗ ಇದೂ ಮುಗಿಸೂಣಂತ ಬಂದೆ."

ನೀವು. ಶಾಲೆಯಲ್ಲಿ ಒಂದು ದಿನವೂ ನೀವು ಎನ್ನದಿದ್ದ ಬಾಯಿ. ಮೇಘಾ ನೀರು ತಂದರೆ, "ಈಗಷ್ಟ ಕುಡದೀನವಾ" ಎಂದು ತನ್ನ ಬಾಟಲಿ ತೋರಿಸಿದ. ಹನ್ನೊಂದು ತಿಂಗಳು ಕಣ್ಣೆದುರು ನಿಂತಿದ್ದವಳ ಮುಖವನ್ನೂ ಈ ಮನುಷ್ಯ ನೋಡಿರಲಿಲ್ಲ. ಬೈದಿದ್ದರೆ ಮರೆಯಬಹುದಿತ್ತೇನೋ, ಇದನ್ನು ಹೇಗೆ ಹೊಟ್ಟೆಗೆ ಹಾಕಿಕೊಳ್ಳುವುದು?

"ನಮ್ಮ ರಾಜಾ ನಿಮ್ಮ ಬಿಸ್ಕೀಟು ಬಿಟ್ರ ಬ್ಯಾರೇದು ಮೂಸಂಗಿಲ್ರಿ" ಎಂದ ಮಾಸ್ತರ. "ನಿಮ್ಮ ಕೈ ರುಚಿ ಭಾಳ ಚಲೋ ಅದ."

"ನಿಮಗ ಹ್ಯಾಂಗ ಗೊತ್ತಾತ್ರಿ?" ಎಂದಳು ಗೋಪಮ್ಮ.

"ಏನದು?"

"ನನ್ನ ಕೈ ರುಚಿ."

ಮಾಸ್ತರ ನಕ್ಕ. "ನಾಯಿನ ಹೇಳ್ತದಲ್ರಿ. ಈಗ ಕೇಳ್ರಿ. ಮಾನವ್ಯಾಗ ನನ್ನ ಮಗ ದುರುಗೇಶ ಅಂಗಡಿ ತಗ್ಯಾಕತ್ತಾನ. ವಾರಕ್ಕ ನೂರು ಪಾಕೀಟು ಖಾಯಂ. ಒಂದೇ ಮಾತು. ಪಾಕೀಟಿನ ಮ್ಯಾಲ ಈ ಹೆಸರು, ಈ ಓಣಿ ಬ್ಯಾಡ. ನಮ್ಮ ಅಂಗಡಿ ಹೆಸರು ಹಾಕೂಣು. ನನಗೇನಿಲ್ರಿ, ಜನ ಇರ್ತಾರಲ್ಲ."

"ತಿನ್ನೋದು ನಾಯಿ. ಅದಕ್ಕೂ ಓಣಿ ಕೇಳ್ತಾರೇನ್ರಿ?"

"ತಿನ್ನೋದು ನಾಯಿ ಖರೆ. ಪಾಕೀಟು ಒಡದು ಮುಟ್ಟಿ ಹಾಕೋರು ಮನಿ ಹೆಣ್ಮಕ್ಕಳಲ್ರಿ" ಎಂದ ಮಾಸ್ತರ, ಬುದ್ಧಿ ಹೇಳುವ ದನಿಯಲ್ಲಿ.

ಮೇಘಾಳ ಮುಖ ಕಪ್ಪಿಟ್ಟಿತು. ಆದರೂ ತಾಯಿಯ ಒಡೆದ ಕೈಗಳನ್ನು ನೋಡಿ ಮೆಲ್ಲಗೆ, "ಯವ್ವಾ, ಮೂರು ಮನಿ ಬಿಡಬಹುದು. ಹೆಸರು ಹ್ವಾದ್ರ ಹೋಗಲಿ, ಹೂಂ ಅನ್ನು" ಎಂದಳು. ಮುಂದೆ ಕೂತವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಗೋಪಮ್ಮ ಒಳಗೆ ಹೋದಳು. ಮೈಯೆಲ್ಲ ಉರಿಯುತ್ತಿತ್ತು. ಆ ಬೋರಲು ಲೋಟವೂ ಕಣ್ಣ ಮುಂದೆ ಬಂತು. ನೂರು ಪಾಕೀಟು, ಹೂಂ ಎಂಬ ಒಂದು ಮಾತು. ಸಾಕಾಗಿತ್ತು ಅವಳಿಗೂ. ಆದರೂ ಹೂಂ ಎನ್ನುವ ಮೊದಲು ಕೊನೆಗೊಮ್ಮೆ ಈ ಮನುಷ್ಯನನ್ನು ಪರೀಕ್ಷಿಸಿ ನೋಡೇಬಿಡೋಣ ಎನ್ನಿಸಿತು. ತಾಟಿನಲ್ಲಿ ಅಂದಿನ ಬಿಸ್ಕೀಟು ನಾಲ್ಕು ಹಾಕಿ, ನೋಟ್‌ಬುಕ್ಕು ಹಿಡಿದು ಬಂದಳು.

"ನಮ್ಮನ್ಯಾಗ ಒಂದು ಪದ್ಧತಿ ಅದರಿ. ರುಚಿ ನೋಡಿ, ಬರದು, ಸಹಿ ಮಾಡದ ಒಂದು ಪಾಕೀಟೂ ಹೊರಗ ಹೋಗಂಗಿಲ್ಲ. ದಿನಾ ನಾನೇ ತಿಂತೀನಿ. ಎಲ್ಲಾ ಮನಷ್ಯಾರು ತಿನ್ನೋ ಸಾಮಾನೇ. ಇವತ್ತಿಂದು ನೀವು ನೋಡ್ರಿ. ಆಮ್ಯಾಲ ಹೆಸರಿನ ಮಾತಾಡೂಣು."

ಮಾಸ್ತರ ತಾಟನ್ನು ನೋಡಿದ, ಪುಸ್ತಕವನ್ನು ನೋಡಿದ. "ಇದೊಂದು ಚಂದದ ರೀತಿ" ಎಂದ. ಉಗುರಿನ ತುದಿಯಿಂದ ತಾಟನ್ನು ಆಚೆ ಸರಿಸಿದ. ಪುಸ್ತಕ ತೊಡೆಗೆಳೆದುಕೊಂಡು, ಜೇಬಿನಿಂದ ತನ್ನದೇ ಪೆನ್ನು ತೆಗೆದು, ತಡವರಿಸದೆ ಬರೆದ: ರುಚಿ ಹಾಗೂ ಗುಣಮಟ್ಟ ತೃಪ್ತಿಕರವಾಗಿದೆ. ಕೆಳಗೆ ಸಹಿ. ಅದರ ಬಾಲ ಸಾಲು ದಾಟಿ ಹಾಳೆಯ ಅಂಚಿಗೆ ಹೋಯಿತು.

ಆಚೆ ಸರಿದ ತಾಟಿಗೆ ರಾಜಾ ಬಾಯಿ ಹಾಕಿ ನಾಲ್ಕನ್ನೂ ಮುಗಿಸಿತ್ತು.

"ಮಾಸ್ತರ" ಎಂದಳು ಗೋಪಮ್ಮ. ಕೂಗಲಿಲ್ಲ. "ಹನ್ನೊಂದು ತಿಂಗಳು ನೀವು ಹಿಂಗ ಬರದ್ರಿ. ಒಂದು ದಿನ ಸೈತ ತುತ್ತು ಬಾಯಾಗ ಇಟ್ಟಿಲ್ಲ. ಇವತ್ತೂ ಇಡಲಿಲ್ಲ."

ಮಾಸ್ತರ ತಲೆಯೆತ್ತಿದ. ಕಣ್ಣು ಸಣ್ಣಗಾದವು. "ನೀ... ಆ ಬಿಸಿಯೂಟದಾಕಿ ಅಲ್ಲ?"

ನೀವು ಎನ್ನುವುದು ಅಷ್ಟು ಬೇಗ ಉದುರಿ ಹೋಗಿತ್ತು.

"ಹೂಂನ್ರಿ, ಆಕೀನೇ. ಹುಡುಗ್ರು ಉಣ್ಣವಲ್ವು ಅಂದು ನನ್ನ ಕೆಲಸ ತಗದ್ರಿ. ಹುಡುಗ್ರು ಉಣ್ತಿದ್ವು ಮಾಸ್ತರ. ಅವು ನಿಮ್ಮ ಮುಖ ನೋಡ್ತಿದ್ವು. ನೀವು ಅವುಗಳ ಮುಂದ ನಿಂತು ಒಂದು ತುತ್ತು ತಿಂದಿದ್ರ ಎಲ್ಲಾ ಬಂದು ಕುಂತು ಉಣ್ತಿದ್ವು. ಒಂದು ತುತ್ತು. ಅದಕ್ಕ ನಿಮಗ ಸರ್ಕಾರ ನಿಯಮಾನ ಮಾಡಿ ಕೊಟ್ಟಿತ್ತು. ನೀವು ಬರೇ ಸಹಿ ಮಾಡಿದ್ರಿ."

"ಹಳೀ ಮಾತು ಈಗ ಯಾಕ? ಇದು ಯಾಪಾರ."

"ಯಾಪಾರಾನ ಹೇಳಾಕತ್ತೀನಿ. ಪಾಕೀಟಿನ ಮ್ಯಾಲ ನನ್ನ ಹೆಸರು, ನನ್ನ ಓಣಿ ಇರ್ತದ. ಅದನ್ನ ಮುಟ್ಟಾಕ ಆಗಂಗಿಲ್ಲಂದ್ರ ಏಳ್ರಿ."

ಮಾಸ್ತರ ಎದ್ದ. ಬೆಲ್ಟು ಎಳೆದರೆ ರಾಜಾ ಬರಲೊಲ್ಲದು. ಗೋಪಮ್ಮನ ಕಾಲ ಬಳಿ ತಾಟು ನೆಕ್ಕುತ್ತ ಕೂತಿತ್ತು. ಓಣಿಯ ಜನವೆಲ್ಲ ನೋಡುತ್ತಿರಲು ಅವನು ಅದನ್ನು ಅರ್ಧ ಎತ್ತಿ, ಅರ್ಧ ಎಳೆದು ಕಾರಿಗೆ ಹಾಕಿದ. ಈ ಸಲ ನಗು ಬಡೇಬೀಯದಾಗಿತ್ತು. ಗೋಪಮ್ಮ ನಗಲಿಲ್ಲ.

ಮೇಘಾ ಕುರ್ಚಿ ಒಳಗಿಡುತ್ತ, "ನಾ ಹೂಂ ಅನ್ನು ಅಂದೆನಲ್ಲ ಯವ್ವಾ" ಎಂದಳು. "ನಿನಗ ಗೊತ್ತಿರಲಿಲ್ಲ ಬಿಡು" ಎಂದಳು ತಾಯಿ. ನೂರು ಪಾಕೀಟು ಹೋಯಿತು. ಮರುದಿನ ಬೆಳಿಗ್ಗೆ ಮತ್ತೆ ಮೂರು ಮನೆಗೆ ಹೋಗಲೇಬೇಕು, ಆ ಲೋಟ ತೊಳೆಯಲೇಬೇಕು. ಅದನ್ನು ನೆನೆದು ಅವಳಿಗೆ ಇನ್ನಷ್ಟು ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

ಅವಳು ನೋಟ್‌ಬುಕ್ಕು ತೆರೆದಳು. ಹಾಳೆ ಹರಿಯಲು ಹೋದ ಕೈ ನಿಂತಿತು. ಸಹಿಯ ಮೇಲೆ, ಅದರ ಬಾಲದ ಕೊನೆಯವರೆಗೂ, ಒಂದು ಗೆರೆ ಎಳೆದಳು. ಅದರ ಕೆಳಗೆ ತಾರೀಖು ಹಾಕಿ, ದಪ್ಪ ಅಕ್ಷರದಲ್ಲಿ ಬರೆದಳು: ಇವರು ರುಚಿ ನೋಡಿಲ್ಲ. ಇವರ ನಾಯಿ ನೋಡಿದೆ.

ಆಮೇಲೆ ಹೊಸ್ತಿಲ ಮೇಲೆ ಕೂತು ಒಂದು ಬಿಸ್ಕೀಟು ತಿಂದಳು, ಆ ಸಾಲಿನ ಕೆಳಗೆ ತನ್ನ ಹೆಸರು ಬರೆದಳು.