ದೊರೆ ಸತ್ತ ಮರುದಿನ ನನ್ನ ಬೂತಿನಲ್ಲಿ ಕೇಳಿದ ಸದ್ದು

ಅದು ೧೯೯೮ರ ಜೂನ್ ತಿಂಗಳು. ದಾವಣಗೆರೆ ಹೊಸ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಗ ನಾನು ಕೆ.ಬಿ. ಬಡಾವಣೆಯಲ್ಲಿ ಒಂದು ಎಸ್.ಟಿ.ಡಿ., ಐ.ಎಸ್.ಡಿ. ಬೂತ್ ನಡೆಸುತ್ತಿದ್ದೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತ್ತು. ಅಂಗವಿಕಲರ ಕೋಟಾದಲ್ಲಿ ಆ ಬೂತ್ ಸಿಕ್ಕಿತ್ತು. ಮನೆ ಹರಿಹರದಲ್ಲಿ. ದಿನಾ ಬೆಳಿಗ್ಗೆ ಕಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ಬಿಗಿದುಕೊಂಡು ಬಸ್ಸು ಹತ್ತುತ್ತಿದ್ದೆ, ಸಂಜೆ ಮತ್ತೆ ಬಸ್ಸಿನಲ್ಲೇ ವಾಪಸು.

ಬೂತಿನ ಮಳಿಗೆ ಚನ್ನಬಸಪ್ಪನವರದು, ಅವರ ಮನೆಯೂ ಪಕ್ಕದಲ್ಲೇ. ಒಂದು ಕಾಲಕ್ಕೆ ಹತ್ತಿ ವ್ಯಾಪಾರ ಮಾಡಿದವರು, ಆಗ ಎಪ್ಪತ್ತು ದಾಟಿತ್ತು. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಒಂದು ಹಳೇ ಮೊಪೆಡ್ಡು. ಬಡಾವಣೆಯವರೆಲ್ಲ ಸಾಹುಕಾರ್ರು ಅಂತಲೇ ಕರೆಯುತ್ತಿದ್ದರು. ಪಕ್ಕದ ರಸ್ತೆಯಲ್ಲಿ ಅವರದೇ ಇನ್ನೊಂದು ಮನೆಯಿತ್ತು. ಅದನ್ನು ಕಾಲೇಜು ಓದಲು ಬಂದ ನೈಜೀರಿಯಾ ದೇಶದ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಆಗ ನಮ್ಮೂರಿನ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಹುಡುಗರು ಬರುತ್ತಿದ್ದರು.

ಅವರಲ್ಲಿ ಒಬ್ಬ ಸ್ಯಾಮುಯೆಲ್. ಇಂಜಿನಿಯರಿಂಗ್ ಮೂರನೇ ವರ್ಷ. ಸಾಹುಕಾರರಿಗೆ ಆ ಹೆಸರು ನಾಲಿಗೆಗೆ ಹೊರಳದೆ "ಶಾಮಣ್ಣ" ಮಾಡಿಬಿಟ್ಟಿದ್ದರು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಂದು "ಅಕ್ಕ, ಲೈನ್ ಐತಾ?" ಅಂತ ಕನ್ನಡದಲ್ಲೇ ಕೇಳುತ್ತಿದ್ದ. ಅವನ ಮನೆಯಲ್ಲಿ ಫೋನ್ ಇರಲಿಲ್ಲ. ಅವರ ಬೀದಿಯ ಔಷಧಿ ಅಂಗಡಿಗೆ ಫೋನ್ ಮಾಡಿ, ಅಂಗಡಿಯವರು ಅವನ ತಾಯಿಯನ್ನು ಕರೆಸಿದ ಮೇಲೆ ಮತ್ತೆ ಮಾಡಬೇಕಿತ್ತು.

ಪಿಯುಸಿ ಓದಿದ್ದ ನನಗೆ ಅವರ ಇಂಗ್ಲಿಷ್ ಅಷ್ಟೋ ಇಷ್ಟೋ ಅರ್ಥವಾಗುತ್ತಿತ್ತು. ಗಾಜಿನ ಬಾಗಿಲು ಹಾಕಿದರೂ ಮಾತು ಹೊರಗೆ ಕೇಳುತ್ತಿತ್ತು. ಪ್ರತಿ ಸಲವೂ ಅವನು ಕೇಳುತ್ತಿದ್ದ ಒಂದು ಪ್ರಶ್ನೆ ನನಗೆ ವಿಚಿತ್ರವಾಗಿ ಕಾಣುತ್ತಿತ್ತು: "ಹಳೇ ಗಡಿಯಾರ ನಡೀತಾ ಇದೆಯಾ?" ಒಂದು ಗಡಿಯಾರದ ಮೇಲೆ ಇವರಿಗೆಂಥ ಮೋಹ ಅಂದುಕೊಂಡಿದ್ದೆ. ಒಂದು ದಿನ ಸುಮ್ಮನೆ ಮಾತಿಗೆ, "ಯಾವಾಗ್ಲೂ ಅಮ್ಮನ ಜೊತೆಗೇ ಮಾತಾಡ್ತೀಯಲ್ಲ, ಅಪ್ಪ ಎಲ್ಲಿದಾರೆ?" ಅಂದೆ. ಅವನು ತಟ್ಟನೆ ತುಟಿಯ ಮೇಲೆ ಬೆರಳಿಟ್ಟು ಹಿಂದೆ ಮುಂದೆ ನೋಡಿದ. ದಾವಣಗೆರೆಯ ನನ್ನ ಬೂತಿನಲ್ಲಿ, ಮಟಮಟ ಮಧ್ಯಾಹ್ನ, ಅಲ್ಲಿದ್ದದ್ದು ನಾವಿಬ್ಬರೇ. ಆಮೇಲೆ ಒಂದು ಚೀಟಿ ತೆಗೆದುಕೊಂಡು ಬರೆದು ತೋರಿಸಿದ. ಅಪ್ಪ ಶಾಲೆ ಮೇಷ್ಟ್ರು. ಸರ್ಕಾರದ ತಪ್ಪು ಎತ್ತಿ ಪತ್ರಿಕೆಗೆ ಒಂದು ಕಾಗದ ಬರೆದಿದ್ದರು. ಮೂರು ವರ್ಷದ ಹಿಂದೆ ಮಿಲಿಟರಿಯವರು ಎಳೆದುಕೊಂಡು ಹೋದವರು ಎಲ್ಲಿದ್ದಾರೋ ಗೊತ್ತಿಲ್ಲ. ಫೋನಿನಲ್ಲಿ ಅವರ ಹೆಸರು ಎತ್ತುವ ಹಾಗಿಲ್ಲ. ಗಡಿಯಾರ ಅಂದರೆ ಅಪ್ಪ. ನಾನು ಓದಿದ ಕೂಡಲೇ ಚೀಟಿಯನ್ನು ಚೂರು ಚೂರು ಮಾಡಿ ಜೇಬಿಗೆ ಹಾಕಿಕೊಂಡ. ಇಷ್ಟು ದೂರ ಬಂದರೂ ಬಿಡದ ಹೆದರಿಕೆಯನ್ನು ನಾನು ಅದೇ ಮೊದಲು ಕಂಡದ್ದು.

ಜೂನ್ ಎರಡನೇ ವಾರದ ಒಂದು ದಿನ. ಹನ್ನೊಂದು ಗಂಟೆ ಹೊತ್ತಿಗೆ ಪಕ್ಕದ ರಸ್ತೆಯಿಂದ ಗದ್ದಲ ಕೇಳಿಸಿತು. ಹತ್ತು ಹನ್ನೆರಡು ಹುಡುಗರು ಬಕೆಟ್ಟು, ತಟ್ಟೆ ಬಡಿಯುತ್ತ, ಹಾಡುತ್ತ, ಕುಣಿಯುತ್ತ ನಮ್ಮ ರಸ್ತೆಗೆ ಬಂದರು. ಮನೆ ಮನೆಯಿಂದ ಜನ ಹೊರಗೆ ಬಂದು ನಿಂತರು. "ಫುಟ್‌ಬಾಲ್ ಗೆದ್ದಾರೇನೋ, ವರ್ಲ್ಡ್ ಕಪ್ ಬಂತಲ್ಲ" ಅಂದ ಎದುರಿನ ಟೈಲರ್. ಒಬ್ಬ ಹುಡುಗ ಬೇಕರಿಯಿಂದ ತಂದ ಮೈಸೂರ್ ಪಾಕಿನ ಡಬ್ಬಿ ಹಿಡಿದು ಕಂಡ ಕಂಡವರಿಗೆಲ್ಲ ಹಂಚುತ್ತಿದ್ದ. ಸಾಹುಕಾರರ ಕೈಗೂ ಒಂದು ತುಂಡು ಇಟ್ಟ.

"ಏನ್ರಪಾ, ಏನ್ ಹಬ್ಬ?" ಅಂತ ಅವರು ನಗುತ್ತಲೇ ಕೇಳಿದರು.

"ಹಬ್ಬ ಅಲ್ಲ. ನಮ್ಮ ದೇಶ ಆಳ್ತಿದ್ದ ಜನರಲ್ ನಿನ್ನೆ ಸತ್ತ!"

ಸಾಹುಕಾರರ ನಗು ಅಲ್ಲಿಗೇ ನಿಂತಿತು. ತುಂಡನ್ನು ನನ್ನ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡರು. "ಸಾವಿಗೆ ಸ್ವೀಟ್ ಹಂಚ್ತೀರೇನ್ರೋ? ಅವನಿಗೂ ಹೆಂಡ್ರು ಮಕ್ಳು ಅದಾರೋ ಇಲ್ಲೋ? ಇಂಥೋರು ನನ್ನ ಮನ್ಯಾಗ ಬ್ಯಾಡ. ಈ ತಿಂಗಳೇ ಖಾಲಿ ಮಾಡ್ರಿ!"

ಆ ಗದ್ದಲದಲ್ಲಿ ಹುಡುಗರಿಗೆ ಅದು ಕೇಳಿಸಲಿಲ್ಲ, ಕುಣಿಯುತ್ತ ಮುಂದೆ ಹೋದರು. ನಿಜ ಹೇಳಬೇಕೆಂದರೆ ನನಗೂ ಮನಸ್ಸು ಕಹಿಯಾಯಿತು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ತನಕ ನಮ್ಮ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ, ರೇಡಿಯೊ ಹಾಕುತ್ತಿರಲಿಲ್ಲ. ಸತ್ತವನು ನಮ್ಮ ಮೇಲೆ ಕೋರ್ಟಿಗೆ ಹೋದವನಾದರೂ ಸರಿಯೇ. ಸಾವಿಗೆ ಕುಣಿಯುವುದನ್ನು ನಾನು ಕಂಡಿರಲಿಲ್ಲ.

ಕುಣಿಯುವವರಲ್ಲಿ ಸ್ಯಾಮುಯೆಲ್ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಬ್ಬನೇ ಬಂದ. ಅಂಗಿಯ ಗುಂಡಿ ಅದಲು ಬದಲಾಗಿ ಹಾಕಿಕೊಂಡಿದ್ದ. "ಅಕ್ಕ, ಲೈನ್" ಅಂದ. ಅಷ್ಟೇ.

ಲೈನ್ ಸಿಗಲಿಲ್ಲ. ಒಂದು ಸಲ ಎಂಗೇಜ್, ಇನ್ನೊಂದು ಸಲ ಏನೂ ಸದ್ದಿಲ್ಲ. ನಾನೇ ಕ್ಯಾಬಿನ್ನಿನ ಒಳಗೆ ಸ್ಟೂಲ್ ಹಾಕಿಕೊಂಡು ಕೂತು ಒತ್ತುತ್ತಲೇ ಇದ್ದೆ. ಮುಕ್ಕಾಲು ಗಂಟೆ ಆಗಿರಬೇಕು, ಬೆರಳ ತುದಿ ಉರಿಯುತ್ತಿತ್ತು. ಅವನು ಗಾಜಿಗೆ ಹಣೆ ಒತ್ತಿ ನಿಂತಿದ್ದ.

ಅಷ್ಟರಲ್ಲಿ ಸಾಹುಕಾರರು ಮತ್ತೆ ಬಂದರು. ಸಿಟ್ಟು ಇಳಿದಿರಲಿಲ್ಲ. "ಶೈಲಾ, ಶಟರ್ ಎಳಿಯವ್ವ. ಇವರ ಗಲಾಟಿ ಮುಗಿಯಾತನಕ ಅಂಗಡಿ ಬ್ಯಾಡ" ಅಂದರು. ಅವರು ಮಾತು ಮುಗಿಸುವುದಕ್ಕೂ ಆ ಕಡೆ ರಿಂಗ್ ಆಗುವುದಕ್ಕೂ ಸರಿಹೋಯಿತು. ಯಾರೋ ಎತ್ತಿದರು. ನಾನು ಗಡಬಡಿಸಿ ರಿಸೀವರನ್ನು ಸ್ಯಾಮುಯೆಲ್ ಕೈಗೆ ಕೊಟ್ಟೆ.

ಅವನು ಹಲೋ ಅಂದ, ತನ್ನ ಹೆಸರು ಹೇಳಿದ. ಲೈನ್ ಮತ್ತೆ ಸಿಗುತ್ತದೋ ಇಲ್ಲವೋ ಅಂತ ಈ ಸಲ ಇಡದೆ, ಅಮ್ಮನನ್ನು ಕರೆಯಲು ಹೇಳಿ ಕಾಯುತ್ತ ನಿಂತ. ಕಣ್ಣು ದೊಡ್ಡದಾಯಿತು. ಗಾಬರಿಯಾಗಿ "ಏನಾಯ್ತು?" ಅಂದೆ. ಅವನು ರಿಸೀವರನ್ನು ನನ್ನ ಕಿವಿಗಿಟ್ಟ.

ಆ ಸದ್ದನ್ನು ಹೇಗೆ ಹೇಳಲಿ? ಮೊದಲು ಮಳೆ ಅಂದುಕೊಂಡೆ, ತಗಡಿನ ಮೇಲೆ ಬೀಳುವ ಜೋರು ಮಳೆ. ಆಮೇಲೆ ಅದರೊಳಗಿಂದ ಒಂದೊಂದೇ ಬಿಡಿಸಿಕೊಂಡು ಬಂತು. ಲಾರಿಗಳ ಹಾರನ್ನು, ಪಾತ್ರೆ ಬಡಿಯುವುದು, ಎಲ್ಲೋ ಗಂಟೆ, ಹೆಂಗಸರು ಕೊರಳೆತ್ತಿ ಕೂಗುವುದು. ಅದೆಲ್ಲದರ ಕೆಳಗೆ ಸಾವಿರಾರು ಜನ ಒಟ್ಟಿಗೆ ಹಾಡುವುದು. ಔಷಧಿ ಅಂಗಡಿಯವನು ತಾಯಿಯನ್ನು ಕರೆಯಲು ಹೋಗುವ ಮುಂಚೆ, ಈ ಹುಡುಗ ಕೇಳಲಿ ಅಂತ ರಿಸೀವರನ್ನು ಬೀದಿಯ ಕಡೆ ಕಿಟಕಿಯಲ್ಲಿ ಇಟ್ಟಿದ್ದನಂತೆ. ಯಾರೋ ಒಬ್ಬರು ಅದರ ಹತ್ತಿರವೇ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ಗಂಡಸೋ ಹೆಂಗಸೋ ತಿಳಿಯಲಿಲ್ಲ. ಎಲ್ಲಿಯ ಸಮುದ್ರದಾಚೆಯ ಬೀದಿ, ಎಲ್ಲಿಯ ಕೆ.ಬಿ. ಬಡಾವಣೆ. ಒಂದು ಇಡೀ ಊರು ನನ್ನ ಕಿವಿಯೊಳಗೆ ನಿಂತು ಕೂಗುತ್ತಿತ್ತು.

ನನಗೆ ಏನನ್ನಿಸಿತೋ, ರಿಸೀವರನ್ನು ಸಾಹುಕಾರರ ಕಡೆ ಚಾಚಿದೆ. "ಕೇಳ್ರಿ ಒಂದ್ಸಲ" ಅಂದೆ.

ಅವರಿಗೆ ಒಂದು ಕಿವಿ ಮಂದ. ಚೆನ್ನಾಗಿ ಕೇಳುವ ಕಿವಿಗೆ ಹಿಡಿದುಕೊಂಡರು. ಹುಬ್ಬು ಗಂಟಿಕ್ಕಿದ್ದು ನಿಧಾನಕ್ಕೆ ಸಡಿಲಾಯಿತು.

"ಇದು ಎಲ್ಲಿಂದ ಬರ್ತೈತೆ?"

"ಅವರ ಊರಿಂದ."

"ಇಷ್ಟೂ ಜನಾನಾ?"

ನಾನು ತಲೆಯಾಡಿಸಿದೆ. ಅವರು ಮತ್ತೂ ಕೇಳಿದರು. ಆಮೇಲೆ ರಿಸೀವರನ್ನು ಎರಡೂ ಕೈಯಿಂದ, ಎಳೇ ಕೂಸನ್ನು ಕೊಡುವ ಹಾಗೆ, ಸ್ಯಾಮುಯೆಲ್‌ಗೆ ಕೊಟ್ಟರು.

ಅಷ್ಟರಲ್ಲಿ ಆ ಕಡೆ ಅವನ ತಾಯಿ ಬಂದಿದ್ದರು. ಅವರು ಎಷ್ಟು ಜೋರಾಗಿ ಮಾತಾಡಿದರೆಂದರೆ ನಮಗಿಬ್ಬರಿಗೂ ಕೇಳಿಸಿತು. ಹಲೋ ಇಲ್ಲ, ಮಗನೇ ಅನ್ನಲಿಲ್ಲ. ಒಂದು ಹೆಸರು ಕೂಗಿದರು. "ಒಲಾತುಂಜಿ!" ಮತ್ತೆ ಕೂಗಿದರು. ಮೂರನೇ ಸಲ ಕೂಗುವಾಗ ದನಿ ಒಡೆಯಿತು. ಸ್ಯಾಮುಯೆಲ್ ಕ್ಯಾಬಿನ್ನಿನ ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತ. ಅದು ಅವನ ಅಪ್ಪನ ಹೆಸರು. ಮೂರು ವರ್ಷದಿಂದ ಯಾರೂ ಬಾಯಿಬಿಟ್ಟು ಹೇಳದ ಹೆಸರು.

ಅವನು ಏನೋ ಕೇಳಿದ, ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡ. ಫೋನ್ ಇಟ್ಟ ಮೇಲೆ ನಾನು ಕೇಳಿದೆ, "ಅಪ್ಪ ಹೇಗಿದಾರಂತೆ?"

"ಬದುಕಿದ್ದಾರೋ ಇಲ್ಲವೋ ಅಮ್ಮನಿಗೆ ಗೊತ್ತಿಲ್ಲ" ಅಂದ. "ಆದರೆ ನಾಳೆ ಜೈಲಿನ ಬಾಗಿಲಿಗೆ ಹೋಗಿ ಕೇಳ್ತಾಳಂತೆ. ಇಷ್ಟು ದಿನ ಕೇಳೋ ಹಾಗೂ ಇರಲಿಲ್ಲ."

ಅವನು ಮುಖ ತೊಳೆಯಲು ಹೋದಾಗ ಸಾಹುಕಾರರಿಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಕೇಳಿದರು. "ಸಾಲಿ ಮೇಷ್ಟ್ರಾ? ಒಂದು ಕಾಗದ ಬರದಿದ್ದಕ್ಕಾ?" ಅಂತ ಎರಡೆರಡು ಸಲ ಕೇಳಿದರು. ಆಮೇಲೆ ರಸ್ತೆಯ ಕಡೆ ನೋಡುತ್ತ, "ಒಬ್ಬ ಸತ್ತಿದ್ದಕ್ಕ ಇಷ್ಟು ಜನ ಕುಣೀತಾರಂದ್ರ, ಅವನು ಇದ್ದಾಗ ಹೆಂಗೆ ಇದ್ದರೋ ಪಾಪ" ಅಂದರು.

ಮೇಜಿನ ಮೇಲೆ ಮೈಸೂರ್ ಪಾಕ್ ಹಾಗೇ ಇತ್ತು. ಅದನ್ನು ಅವರು ಮುಟ್ಟಲಿಲ್ಲ. "ಸಾವಿನ ಸಿಹಿ ನನ್ನ ಗಂಟಲಾಗ ಇಳಿಯಂಗಿಲ್ಲವ್ವ. ಅದು ನನ್ನ ಕೈಲಾಗದ ಮಾತು. ಆದ್ರ ಆ ಹುಡುಗ್ರಿಗೆ ಹೇಳು, ಮನಿ ಖಾಲಿ ಮಾಡದು ಬ್ಯಾಡ" ಅಂದು ಎದ್ದು ಹೋದರು. ಅವರ ಮೇಲಿನ ಗೌರವ ಆ ದಿನ ನನಗೆ ಹೆಚ್ಚಾಯಿತು.

ಸಂಜೆ ಹರಿಹರಕ್ಕೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ಎಲ್ಲ ಕೇಳಿ, "ಸತ್ತವನ ಸುದ್ದಿ ಬಿಡು, ಬದುಕಿ ಬರಬೇಕಾದ ಮೇಷ್ಟ್ರ ಹೆಸರು ಬರ್ಕೊಡು" ಅಂದಳು. ಸೋಮವಾರ ನನ್ನನ್ನೂ ಕರೆದುಕೊಂಡು ಗುಡಿಗೆ ಹೋಗಿ ಅರ್ಚನೆಗೆ ಕೊಟ್ಟಳು. ಪೂಜಾರಿ ಚೀಟಿ ಹಿಡಿದು "ಓಲಾ... ತುಂ..." ಅಂತ ತಡವರಿಸಿ, "ನಕ್ಷತ್ರ ಯಾವುದು?" ಅಂದರು. "ನಕ್ಷತ್ರ ಗೊತ್ತಿಲ್ಲರಿ, ಮೇಷ್ಟ್ರು ಅಂತ ಹೇಳ್ರಿ, ದೇವ್ರಿಗೆ ತಿಳೀತೈತೆ" ಅಂದಳು ಅವ್ವ.

ಆಮೇಲಿನ ದಿನಗಳು ಬಹಳ ಕಷ್ಟದವು. ಸೆರೆಯಲ್ಲಿದ್ದವರನ್ನು ಬಿಡುತ್ತಿದ್ದಾರೆ ಅಂತ ರೇಡಿಯೊದಲ್ಲಿ ಬಂತಂತೆ. ಸ್ಯಾಮುಯೆಲ್ ದಿನಾ ಬರುತ್ತಿದ್ದ, ಅವರಪ್ಪನ ಸುದ್ದಿ ಮಾತ್ರ ಬರಲಿಲ್ಲ. ಬರಬರುತ್ತ ಅವನು ಫೋನ್ ಮಾಡುವುದನ್ನೂ ಬಿಟ್ಟು ಬೂತಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಹೋಗುತ್ತಿದ್ದ. ನನಗೂ ಆಸೆ ಬತ್ತುತ್ತ ಬಂತು, ಹೇಳಲಿಲ್ಲ ಅಷ್ಟೆ.

ಶ್ರಾವಣ ಹಿಡಿದಿತ್ತು. ಒಂದು ಮಧ್ಯಾಹ್ನ ಬೂತಿನ ಫೋನ್ ತಾನೇ ಬಡಿಯಿತು. ಎತ್ತಿದರೆ ದೂರದ ಕರೆ. ಒಂದು ಗಂಡು ದನಿ, ಬಹಳ ನಿಧಾನ, ಒಂದೊಂದು ಶಬ್ದವನ್ನೂ ಪಾಠ ಹೇಳುವ ಹಾಗೆ ಇಂಗ್ಲಿಷಿನಲ್ಲಿ ಕೇಳಿತು: "ನನ್ನ ಮಗ ಅಕ್ಕ ಅಂತ ಕರೆಯುವ ತಂಗಿ ನೀವೇನಾ?"

ಹೌದು ಅಂದೆ. ಸ್ಯಾಮುಯೆಲ್ ಕಾಲೇಜಿನಲ್ಲಿದ್ದಾನೆ, ಅರ್ಧ ಗಂಟೆ ಬಿಟ್ಟು ಮಾಡಿ ಸರ್, ಕರೆಸುತ್ತೇನೆ ಅಂದೆ. ಅವರು ಆಗಲಿ ಅಂದರು. ಇಡುವ ಮುಂಚೆ, ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ, "ಸರ್, ಅವತ್ತು ಜೈಲಿನಲ್ಲಿ ನೀವೂ ಕುಣಿದಿರಾ?" ಅಂದುಬಿಟ್ಟೆ.

ಅವರು ಮೆಲ್ಲಗೆ ನಕ್ಕರು. "ಇಲ್ಲ ತಂಗಿ. ಅವನು ಸತ್ತದ್ದು ನಮಗೆ ಯಾರೂ ಹೇಳಲಿಲ್ಲ. ಒಂದು ದಿನ ಬೆಳಿಗ್ಗೆ ಕಾವಲಿನವನು ಬಾಗಿಲು ತೆಗೆದು 'ಗುಡ್ ಮಾರ್ನಿಂಗ್ ಮೇಷ್ಟ್ರೇ' ಅಂದ. ಮೂರು ವರ್ಷದಲ್ಲಿ ಅವನು ಹಾಗೆ ಅಂದದ್ದು ಅದೇ ಮೊದಲು. ದೊಡ್ಡದೇನೋ ಆಗಿದೆ ಅಂತ ನಮಗೆ ಅದರಲ್ಲೇ ಗೊತ್ತಾಯಿತು."

ನನಗೆ ಓಡಲು ಬರುವುದಿಲ್ಲ. ಬಾಗಿಲಿಗೆ ಬಂದು ಸಾಹುಕಾರ್ರೇ ಅಂತ ಕೂಗಿದೆ. ವಿಷಯ ಕೇಳಿದ್ದೇ ಅವರು ಮೊಪೆಡ್ ಹತ್ತಿದರು. ಇಪ್ಪತ್ತೈದು ನಿಮಿಷಕ್ಕೆ ಹಿಂದೆ ಸ್ಯಾಮುಯೆಲ್‌ನನ್ನು ಕೂರಿಸಿಕೊಂಡು ಬಂದರು. ಆರಡಿ ಹುಡುಗ, ಕಾಲು ನೆಲಕ್ಕೆ ತಾಗದ ಹಾಗೆ ಮಡಚಿಕೊಂಡು ಕೂತಿದ್ದ. ಅವನು ಇಳಿಯುತ್ತಿದ್ದ ಹಾಗೆ ಫೋನ್ ಬಡಿಯಿತು.

ಅವನು ಒಂದೇ ಒಂದು ಸಲ "ಪಾಪಾ" ಅಂದ. ಗಾಜಿನಾಚೆ ಭುಜ ಅಲುಗುವುದಷ್ಟೇ ಕಾಣುತ್ತಿತ್ತು. ಸಾಹುಕಾರರು ಹೊರಗೆ ನಿಂತು ತಡೆಯಲಾರದೆ ಕೇಳಿದರು, "ಏನಂತಾರವ್ವ?"

"ಇಬ್ಬರೂ ಏನೂ ಮಾತಾಡ್ತಿಲ್ಲರಿ."

"ಮಾತಾಡದಿರ್ಲಿ ಬಿಡು" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು. "ಯಾರೂ ಒಳಗ ಹೋಗದಂಗ ನೋಡ್ಕೊ."

ಓದು ಮುಗಿಸಿ ಸ್ಯಾಮುಯೆಲ್ ತನ್ನ ಊರಿಗೆ ಹೋದ. ಸಾಹುಕಾರರು ಈಗಿಲ್ಲ. ಒಬ್ಬ ಮನುಷ್ಯನ ಸಾವಿಗೆ ಕುಣಿಯುವುದು ಸರಿಯೋ ತಪ್ಪೋ, ಇವತ್ತಿಗೂ ನಾನು ಹೇಳಲಾರೆ. ಆದರೆ ಆ ಮೇಷ್ಟ್ರು ಹೇಳಿದ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ. ಒಬ್ಬ ಕಾವಲಿನವನು ಒಬ್ಬ ಮೇಷ್ಟ್ರಿಗೆ ಬೆಳಿಗ್ಗೆ ಒಂದು ನಮಸ್ಕಾರ ಹೇಳಬೇಕಾದರೆ ಆ ದೇಶದ ದೊರೆಯೇ ಸಾಯಬೇಕಾಯಿತು.