ಮಾಯವಾದ ಮೆನು ಮತ್ತು ನಮ್ಮ ಪುಟ್ಟಕ್ಕ

ಕಳೆದ ಶನಿವಾರ ನಮ್ಮ ಹೆಡ್ ಮೇಡಂ ಸೀರೆಯ ಸೆರಗಿನಿಂದ ಕಂಪ್ಯೂಟರ್ ಸ್ಕ್ರೀನ್ ಮುಚ್ಚಿಕೊಂಡು ನಿಂತಿದ್ದರು. (ಅದೂ ರೇಷ್ಮೆ ಸೀರೆ!) ಯಾಕೆ ಅಂತೀರಾ? ಹೇಳುತ್ತೇನೆ.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು, ನಿಮಗೆ ಗೊತ್ತೇ ಇದೆ. ಅವತ್ತು ನಮ್ಮ ಅಟೆಂಡರ್ ಪುಟ್ಟಲಕ್ಷ್ಮಮ್ಮನವರ ಬೀಳ್ಕೊಡುಗೆ. ದಂಡಿಗನಹಳ್ಳಿ ಕಡೆಯವರು. ಮಕ್ಕಳಿಗೂ ನಮಗೂ ಅವರು ಪುಟ್ಟಕ್ಕ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲರಿಗೂ ಕೊಡುತ್ತಾರೆ. ನಮ್ಮ ಹತ್ತನೇ ಕ್ಲಾಸಿನ ಮಕ್ಕಳು ಬೇರೆಯೇ ಯೋಚಿಸಿದರು. ಪ್ರತಿಯೊಬ್ಬರೂ ಪುಟ್ಟಕ್ಕನಿಗೆ ಒಂದು ಕಾಗದ ಬರೆಯುವುದು, ಅದನ್ನೆಲ್ಲ ಪುಸ್ತಕ ಮಾಡಿ ವೇದಿಕೆಯ ಮೇಲೆ ಕೊಡುವುದು. ಸರ್‌ಪ್ರೈಸ್! ಟೈಪ್ ಮಾಡುವ ಕೆಲಸ ನನ್ನದು.

ಟೈಪ್ ಮುಗಿದಿತ್ತು. ಮುಖಪುಟಕ್ಕೆ ಫೋಟೋ ಹಾಕಿ, ಪುಟಸಂಖ್ಯೆ ಕೊಟ್ಟು, ಪ್ರಿಂಟ್ ತೆಗೆದು, ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಬೈಂಡಿಂಗ್‌ಗೆ ಕೊಡಬೇಕಿತ್ತು. ಕಾರ್ಯಕ್ರಮ ಮೂರಕ್ಕೆ. ಆಗಿನ್ನೂ ಹನ್ನೆರಡು. ಆರಾಮಾಗಿ ಮುಗಿಯುತ್ತೆ ಅಂದುಕೊಂಡು ಎಲ್ಲೋ ಏನೋ ಒತ್ತಿದೆ ನೋಡಿ, ಮೇಲಿದ್ದ ಮೆನು ಪೂರ್ತಿ ಮಾಯ!

ಹೋಮ್ ಇಲ್ಲ, ಇನ್ಸರ್ಟ್ ಇಲ್ಲ. ಬರೀ ಬಿಳಿ ಹಾಳೆ. ಕಂಟ್ರೋಲ್ ಹಿಡಿದು ಪಿ ಒತ್ತಿದರೆ ಪ್ರಿಂಟ್ ಬರುತ್ತೆ, ಅಷ್ಟು ನನಗೂ ಗೊತ್ತು. ಆದರೆ ಫೋಟೋ ಹಾಕುವುದು ಎಲ್ಲಿಂದ?

ವಿಜ್ಞಾನದ ಶಿವಣ್ಣ ಮೇಷ್ಟ್ರು ಓಡಿ ಬಂದರು. “ರೀಸ್ಟಾರ್ಟ್ ಮಾಡಿ ಮೇಡಂ.” ಮಾಡಿದೆವು. ಹಾಗೇ ಇತ್ತು. “ಹಾಗಾದ್ರೆ ವೈರಸ್ಸೇ,” ಅಂದರು. (ಗೊತ್ತಾಗದ್ದಕ್ಕೆಲ್ಲ ವೈರಸ್. ಡಾಕ್ಟರೂ ಹಾಗೇ ಅಲ್ಲವೇ?) ಹೆಡ್ ಮೇಡಂ ಬಂದವರೇ, “ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ರೆ?” ಅಂದರು. ಅಷ್ಟೊತ್ತಿಗೆ ಒಂದೂವರೆ ಆಗಿಹೋಗಿತ್ತು.

ಆಗಲೇ ಬಾಗಿಲಲ್ಲಿ ಟೀ ಫ್ಲಾಸ್ಕ್ ಹಿಡಿದ ಪುಟ್ಟಕ್ಕ. ಸೆರಗು ಸ್ಕ್ರೀನಿನ ಮೇಲೆ ಬಿದ್ದದ್ದು ಆವಾಗ.

“ಇವತ್ತೂ ಟೀ ತರೋದಾ ಪುಟ್ಟಕ್ಕ? ಹೋಗಿ ಕೂತ್ಕೊಳ್ಳಿ,” ಅಂದೆ.

“ಕೂತ್ಕತೀನಿ ಬುಡಿ ಮಿಸ್. ಅದ್ಯಾಕೆ ಮೂರು ಜನವೂ ಮಕ ಇಂಗ್ ಮಾಡ್ಕಂಡಿದ್ದೀರಿ?”

“ಏನಿಲ್ಲ, ಮೆನು ಕಾಣ್ತಿಲ್ಲ.” ಶಿವಣ್ಣ ಮೇಷ್ಟ್ರ ಬಾಯಿ ಜಾರಿತು.

“ಅಷ್ಟೇಯಾ? ಕಂಟ್ರೋಲು ಶಿಫ್ಟು ಎರಡೂ ಇಡ್ಕಂಡು ಎಫ್ ಒನ್ನು ಒತ್ತಿ ಸಾ. ಬತ್ತದೆ.”

ಮೇಷ್ಟ್ರು ಒತ್ತಿದರು. ಹೆಡ್ ಮೇಡಂ ಸೆರಗಿನೊಳಗೆ ಇಣುಕಿದರು. “ಬಂತು ಕಣ್ರೀ!” ಅಂತ ಎರಡೂ ಕೈಯಲ್ಲಿ ಚಪ್ಪಾಳೆ ಹೊಡೆದರು.

ಎರಡೂ ಕೈಯಲ್ಲಿ! ಸೆರಗು ಕೆಳಗೆ. ಸ್ಕ್ರೀನಿನ ತುಂಬ ದಪ್ಪ ಅಕ್ಷರ: ‘ನಮ್ಮ ಪುಟ್ಟಕ್ಕನಿಗೆ.’

ಪುಟ್ಟಕ್ಕ ಫ್ಲಾಸ್ಕ್ ಕೆಳಗಿಟ್ಟರು. “ಇದು ನಂದಾ ಮಿಸ್?” ಅಂದರು. ಕಣ್ಣು ಒರೆಸಿಕೊಂಡು, ನಗುತ್ತಾ, ಒಂದೊಂದೇ ಕಾಗದ ಓದತೊಡಗಿದರು.

“ನಿಮಗೆ ಇದೆಲ್ಲ ಹೇಗೆ ಗೊತ್ತು?” ಹೆಡ್ ಮೇಡಂ ಕೇಳಿದರು.

“ಹಿಂದ್ಲ ಕ್ಲರ್ಕ್ ಮೇಡಮ್ಮಿಗೆ ಕೈ ನೋವಿತ್ತಲ್ಲ, ಅವ್ರು ಏಳೋರು, ನಾನ್ ಒತ್ತೋಳು. ಅವ್ರು ಟ್ರಾನ್ಸ್‌ಫರ್ ಆಗಿ ಓದ್ ಮ್ಯಾಕೆ ಟೀಸಿ, ಸ್ಟಡಿ ಸರ್ಟಿಫಿಕೇಟು ಎಲ್ಲಾ ನಾನೇಯ.”

“ನಾನು ಸೈನ್ ಹಾಕಿದ್ದೆಲ್ಲ?”

“ಊಂ ಮೇಡಂ. ಯಾರ್ ಮಾಡುದ್ರು ಅಂತ ನೀವ್ ಕೇಳ್ನಿಲ್ಲ, ನಾನೂ ಏಳ್ನಿಲ್ಲ.”

ಆ ಪುಸ್ತಕದ ಕೊನೆಯಲ್ಲಿ ನಾನೂ ಒಂದು ಪುಟ ಬರೆದಿದ್ದೆ. ‘ನಗುನಗುತ್ತಾ ಟೀ ಕೊಟ್ಟವರು, ಸಮಯಕ್ಕೆ ಸರಿಯಾಗಿ ಬಾಗಿಲು ತೆಗೆದವರು.’ ಅಷ್ಟೇ! ಅವರು ಅಲ್ಲಿಗೆ ತಲುಪುವ ಮೊದಲೇ ಮೌಸ್ ಕಿತ್ತುಕೊಂಡು ಅದನ್ನು ಅಳಿಸಿದೆ. “ಈ ಪುಟ ಖಾಲಿ ಇದೆ ಪುಟ್ಟಕ್ಕ. ನೀವೇ ಬರೀರಿ,” ಅಂತ ಕುರ್ಚಿ ಬಿಟ್ಟುಕೊಟ್ಟೆ.

ನಾಚಿಕೊಂಡರು. ಆಮೇಲೆ ಕೂತರು. ಎರಡೇ ಬೆರಳು, ಆದರೆ ಏನು ಸ್ಪೀಡು! ತಮ್ಮ ಫೋಟೋ ತಾವೇ ಹಾಕಿಕೊಂಡರು, ಪುಟಸಂಖ್ಯೆ ಕೊಟ್ಟರು, ಕೊನೆಗೆ ಮಕ್ಕಳಿಗೊಂದು ಉತ್ತರ ಬರೆದರು: ‘ನಿಮ್ಮೆಲ್ಲರ ಹೆಸರೂ ನನಗೆ ಗೊತ್ತು. ನಿಮ್ಮ ಅಕ್ಕ ಅಣ್ಣಂದಿರ ಟೀಸಿಯಲ್ಲಿ ಒಂದಕ್ಷರವೂ ತಪ್ಪಬಾರದು ಅಂತ ಎರಡೆರಡು ಸಲ ನೋಡಿದ್ದೇನೆ. ತಪ್ಪಿದ್ದರೆ ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗಿ.’

“ಸರ್‌ಪ್ರೈಸ್ ಕೆಟ್ಟುಹೋಯ್ತಲ್ಲ,” ಅಂತ ನಾನು ಪೇಚಾಡಿದರೆ ಅವರೇ ಸಮಾಧಾನ ಮಾಡಿದರು. “ನಾನ್ ನೋಡೇ ಇಲ್ಲ ಅನ್ನಂಗೆ ಇರ್ತೀನಿ ಮಿಸ್. ಇಲ್ದಿದ್ರೆ ಮಕ್ಳು ಬೇಜಾರ್ ಮಾಡ್ಕತವೆ.”

ಇದ್ದರು ಕೂಡ! ಮೂರು ಗಂಟೆಗೆ ವೇದಿಕೆಯ ಮೇಲೆ ಪುಸ್ತಕ ಕೈಗೆ ಬಂದಾಗ ಬಾಯಿ ಮೇಲೆ ಕೈಯಿಟ್ಟು, ಕಣ್ಣರಳಿಸಿ, “ಅಯ್ಯೋ ನಮ್ಮಪ್ಪ!” ಅಂದರು. ಮಕ್ಕಳು ಕುಣಿದಾಡಿಬಿಟ್ಟವು. ಕೊನೆಯ ಪುಟವನ್ನು ಹೆಡ್ ಮೇಡಂ ಮೈಕಿನಲ್ಲಿ ಓದಿದಾಗ ಗುಟ್ಟು ರಟ್ಟಾಯಿತು, ಆದರೆ ಬೇಜಾರು ಯಾರಿಗೆ? ಇಡೀ ಹಾಲ್ ಎದ್ದು ನಿಂತಿತು.

ಪುಟ್ಟಕ್ಕನ ಜೊತೆ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಅಷ್ಟೂ ವರ್ಷ ದಿನಾ ಕೇಳಿದ್ದು ಒಂದೇ ಪ್ರಶ್ನೆ: “ಪುಟ್ಟಕ್ಕ, ಬೆಲ್ ಆಯ್ತಾ?”

ನಿಮ್ಮ ಆಫೀಸಿನಲ್ಲಿ ನೀವೇನು ಕೇಳುತ್ತೀರಿ?