ಫಕ್ರುದ್ದೀನ್ ಸಾಬರ ಬಲಗಾಲು

ಒಬ್ಬ ಮನುಷ್ಯನ ಕಾಲಿಗೆ ಎಷ್ಟು ಬೆಲೆಯೆಂದು ಕೋರ್ಟಿನಲ್ಲಿ ಲೆಕ್ಕ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಲೆಕ್ಕ ತಪ್ಪೆಂದು ಅಂದೇ ಅನ್ನಿಸಿತ್ತು. ಇಷ್ಟು ವರ್ಷಗಳಾದರೂ ಆ ಸಿಟ್ಟು ಆರಿಲ್ಲ.

ಶಿರಾದ ಫಕ್ರುದ್ದೀನ್ ಸಾಬರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಐವತ್ತರ ದಶಕದಲ್ಲಿ ನಾನು ಪುರವರದ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ಅವರು ಸೈಕಲ್ಲಿನ ಹಿಂದೆ ತಿದಿಯನ್ನೂ ಇದ್ದಲಿನ ಚೀಲವನ್ನೂ ಕಟ್ಟಿಕೊಂಡು ಹಬ್ಬಗಳಿಗೆ ಮುಂಚೆ ಬರುತ್ತಿದ್ದರು. ಸ್ಕೂಲಿನ ಎದುರು ಹುಣಸೆಮರದ ಕೆಳಗೆ ನೆಲ ಅಗೆದು ಒಲೆ ಹೂಡುವಷ್ಟರಲ್ಲಿ ಹೆಂಗಸರು ತಪ್ಪಲೆ, ಚೆರಿಗೆ, ಬೋಗುಣಿಗಳನ್ನು ತಂದು ಸಾಲಾಗಿ ಇಡುತ್ತಿದ್ದರು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಬೇಯಿಸಿದರೆ ಕಿಲುಬು ಹೊಟ್ಟೆಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಕಲಾಯಿ ಎಂದರೆ ಕಾದ ಪಾತ್ರೆಗೆ ತವರ ಸವರುವುದೆಂದು ತಿಳಿದವರೇ ಹೆಚ್ಚು. ಅದು ಕೊನೆಯ ಕೆಲಸ, ನೋಡುನೋಡುತ್ತಿದ್ದಂತೆ ಮುಗಿದುಹೋಗುತ್ತದೆ. ಅದಕ್ಕಿಂತ ಮೊದಲು ಪಾತ್ರೆಯ ಒಳಮೈಯ ಕೊಳೆ ಪೂರ್ತಿ ಹೋಗಬೇಕು. ಸಾಬರು ಪಾತ್ರೆಯೊಳಗೆ ಮರಳು, ಇಟ್ಟಿಗೆಪುಡಿ, ಗೋಣಿಯ ತುಂಡು ಹಾಕಿ, ಬರಿಗಾಲಲ್ಲಿ ಅದರೊಳಗೆ ನಿಂತು, ಹುಣಸೆಯ ಕೊಂಬೆಯನ್ನು ಎರಡೂ ಕೈಗಳಿಂದ ಹಿಡಿದು, ಎಡಕ್ಕೂ ಬಲಕ್ಕೂ ಮೈ ತಿರುಗಿಸುತ್ತಿದ್ದರು. ಮೇಲಿನ ಮೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಬೇರೆ ಕಲಾಯಿಯವರು ಇದಕ್ಕೆ ಕೂಲಿಯ ಹುಡುಗರನ್ನು ಇಟ್ಟುಕೊಳ್ಳುತ್ತಿದ್ದರು. ಸಾಬರು ಇಟ್ಟುಕೊಳ್ಳಲಿಲ್ಲ. ತಳ ಚೊಕ್ಕವಾಯಿತೋ ಇಲ್ಲವೋ ಎಂಬುದು ಅವರ ಅಂಗಾಲಿಗೇ ತಿಳಿಯಬೇಕಾಗಿತ್ತು.

"ಏನ್ ಸಾಬಣ್ಣ, ನಮ್ಮ ತಪ್ಪಲೇಲಿ ಇಂಗೆ ಕುಣೀತೀಯಲ್ಲ, ನಾಳೆ ಅದ್ರಾಗೆ ಉಣ್ಣೋರು ನಾವು ಕಣಪ್ಪ!" ಎಂದು ಹೊನ್ನಕ್ಕ ಎಂಬ ಹೆಂಗಸು ಪ್ರತಿ ಸಲವೂ ರೇಗಿಸುತ್ತಿದ್ದಳು.

"ಕುಣೀದಿದ್ರೆ ಕಿಲುಬು ಉಣ್ತೀಯ, ಹೊನ್ನಕ್ಕ. ನಿಮ್ಮತ್ತೆ ಕೈಗಿಂತ ನನ್ನ ಕಾಲು ಚೊಕ್ಕ ಐತೆ, ಬೇಕಾದ್ರೆ ಕೇಳ್ಕೊಂಡು ಬಾ" ಎಂದು ಸಾಬರು ತಿರುಗುತ್ತಲೇ ಉತ್ತರ ಕೊಡುತ್ತಿದ್ದರು. ಹೊನ್ನಕ್ಕನ ಅತ್ತೆ ಅಲ್ಲಿಯೇ ಕುಳಿತಿರುತ್ತಿದ್ದಳು, ಅವಳೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು.

ಅರವತ್ತೆರಡನೆಯ ಇಸವಿಯಲ್ಲಿ, ಶಿರಾದಿಂದ ಮಧುಗಿರಿಗೆ ಬರುವ ದಾರಿಯಲ್ಲಿ, ಬಡವನಹಳ್ಳಿ ದಾಟಿದ ಮೇಲೆ, ಸಾಬರು ರಸ್ತೆಯ ಎಡದಂಚಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಎದುರಿನಿಂದ ಬಂದ ಕಾರೊಂದು ಎತ್ತಿನ ಗಾಡಿಗಳ ಸಾಲನ್ನು ಹಿಂದೆ ಹಾಕುವ ಆತುರದಲ್ಲಿ ಈ ಅಂಚಿಗೆ ನುಗ್ಗಿತು. ಸೈಕಲ್ ಹಳ್ಳಕ್ಕೆ ಬಿತ್ತು. ಸಾಬರ ಬಲಗಾಲಿನ ಹರಡು, ಅಂದರೆ ಪಾದದ ಕೀಲು, ಚಕ್ರದ ಕೆಳಗೆ ಸಿಕ್ಕಿತು.

ಕಾರು ದೊಡ್ಡರಂಗಪ್ಪನವರದು. ಕಡಲೆಕಾಯಿ ಮಂಡಿಯ ದೊಡ್ಡ ವ್ಯಾಪಾರಿ. ಅಂದು ಕಾರು ಓಡಿಸುತ್ತಿದ್ದವರೂ ಅವರೇ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರೂ ಅವರೇ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಮೂಳೆ ಕೂಡಿತು, ಆದರೆ ಹರಡು ಸೆಟೆದುಕೊಂಡಿತು. ಸಾಬರು ಕೋಲೂರಿ ನಡೆಯಬಲ್ಲವರಾದರು. ಪಾದವನ್ನು ತಿರುಗಿಸುವುದು ಮಾತ್ರ ಆಗಲಿಲ್ಲ.

ಅವರು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ನಾನು ನೋಡಲು ಹೋಗಿದ್ದೆ. ಅವರ ಹೆಂಡತಿ ಗೌಹರ್ ಬಿ ಮಂಚದ ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದರು. ಆಗ ದೊಡ್ಡರಂಗಪ್ಪನವರು ಕಿತ್ತಳೆಹಣ್ಣು ಹಿಡಿದುಕೊಂಡು ಬಂದರು. ಮಂಡಿಯ ಗುಮಾಸ್ತ ನಾಗಲಿಂಗಯ್ಯ ಜೊತೆಯಲ್ಲಿದ್ದ, ಬಾಗಿಲ ಬಳಿ ನಿಂತುಕೊಂಡ.

"ಸಾಬ್ರೆ, ಕಣ್ಣು ಕಟ್ಟಿದಂಗಾಗೋಯ್ತು. ನಂದು ತಪ್ಪಾಯ್ತು. ಮಾಫಿ ಮಾಡ್ಬುಡಿ" ಎಂದು ದೊಡ್ಡರಂಗಪ್ಪನವರು ತಲೆ ತಗ್ಗಿಸಿ ನಿಂತರು.

ಸಾಬರ ಮನೆತನದಲ್ಲಿ ಒಂದು ರೂಢಿ ಇತ್ತು. ಹಾಸಿಗೆ ಹಿಡಿದವನ ಬಳಿಗೆ ಬಂದು ಯಾರಾದರೂ ಕ್ಷಮೆ ಬೇಡಿದರೆ ಬರಿಗೈಯಲ್ಲಿ ಕಳುಹಿಸಬಾರದು. ನಾಳೆ ಇರುತ್ತೇವೋ ಇಲ್ಲವೋ ಎಂಬ ಭಾವನೆ ಅದರ ಹಿಂದೆ ಇತ್ತು. ಸಾಬರು ಕೈ ನೀಡಿದರು. "ಮಾಫ್ ಮಾಡಿದೀನಿ. ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರಲಿ. ಹಣ್ಣು ಯಾಕೆ ತಂದ್ರಿ, ಕೂತ್ಕೊಳ್ಳಿ" ಎಂದರು. ಗೌಹರ್ ಬಿ ಸೆರಗಿನಿಂದ ಸ್ಟೂಲು ಒರೆಸಿ ಕೊಟ್ಟರು. ಆ ಹೊತ್ತು ನನಗೆ ಬಹಳ ಹಿತವಾಗಿತ್ತು. ಮನುಷ್ಯರು ಹೀಗಿರಬೇಕು ಎಂದುಕೊಂಡೆ.

ಆಗ ಮೋಟಾರು ಅಪಘಾತಕ್ಕೆ ಪರಿಹಾರ ಕೇಳುವ ಅರ್ಜಿಗಳಿಗಾಗಿಯೇ ಜಿಲ್ಲೆಗಳಲ್ಲಿ ಹೊಸದಾಗಿ ಏರ್ಪಾಡಾಗಿತ್ತು. ಹಣ ಕೊಡಬೇಕಾದದ್ದು ವಿಮಾ ಕಂಪನಿ, ವ್ಯಾಪಾರಿಯ ಕೈಯಿಂದ ಕಾಸೂ ಹೋಗುವುದಿಲ್ಲ ಎಂದು ಮಧುಗಿರಿಯ ವಕೀಲರೊಬ್ಬರು ಹೇಳಿದ ಮೇಲೆಯೇ ಸಾಬರು ಒಪ್ಪಿ ಹೆಬ್ಬೆಟ್ಟು ಒತ್ತಿದರು. ದುಡಿಮೆ ನಿಂತುಹೋಗಿತ್ತು, ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

ವಿಚಾರಣೆಯ ದಿನ ಸಾಬರ ಕಸುಬಿನ ಬಗ್ಗೆ ಸಾಕ್ಷಿ ಹೇಳಲು ನಾನೂ ಹೋದೆ. ಕೋರ್ಟಿನ ಜಗಲಿಯಲ್ಲಿ ಕಾಯುತ್ತಿದ್ದಾಗ, ಒಂದು ಕಾಲಿಗೆ ಸಾಮಾನ್ಯವಾಗಿ ಎಷ್ಟು ಕೊಡುತ್ತಾರೆಂದು ನಮ್ಮ ವಕೀಲರನ್ನು ಕೇಳಿದೆ.

"ಕಾಲಿಗೆ ಅಂತ ಬೆಲೆ ಇಲ್ಲ ಮೇಷ್ಟ್ರೇ, ಅದು ಯಾರ ಕಾಲು ಅನ್ನೋದನ್ನ ನೋಡ್ತಾರೆ. ಆಸ್ಪತ್ರೆ ಖರ್ಚು, ಕಳ್ಕೊಂಡ ಸಂಪಾದನೆ, ಅನುಭವಿಸಿದ ನೋವು, ಇಷ್ಟು ಬಾಬ್ತು. ನಿಮ್ಮ ಕಾಲಾದ್ರೆ ಐದು ಸಾವಿರಕ್ಕೆ ಮೋಸ ಇಲ್ಲ. ಸಂಬಳದ ಸರ್ಟಿಫಿಕೇಟ್ ಇರುತ್ತಲ್ಲ."

"ನಾನು ಕುರ್ಚಿ ಮೇಲೆ ಕೂತು ಪಾಠ ಹೇಳೋನು ಸ್ವಾಮಿ. ಕಾಲಲ್ಲಿ ಕೆಲಸ ಮಾಡೋರು ಇವರು" ಎಂದೆ.

"ನನ್ನ ಹತ್ರ ಹೇಳಿ ಏನು ಪ್ರಯೋಜನ?" ಎಂದು ನಕ್ಕು, ಅವರು ಸಾಬರ ಕಡೆಗೆ ತಿರುಗಿದರು. "ನೋಡಿ, ಅವರ ಕಡೆಯೋರು ಆ ಮಾಫಿ ವಿಷಯ ಎತ್ತಬಹುದು. ಆವತ್ತು ಜ್ವರ ಇತ್ತು, ಏನಂದೆನೋ ನೆನಪಿಲ್ಲ ಅಂತ ಹೇಳಿ. ಅಷ್ಟೇ."

"ಜ್ವರ ಇರ್ಲಿಲ್ವಲ್ಲ ಸ್ವಾಮಿ" ಎಂದರು ಸಾಬರು.

"ಇತ್ತು ಅಂದ್ಕೊಳ್ರೀ!"

ವಕೀಲರು ಹೇಳಿದಂತೆಯೇ ಆಯಿತು. ಕಂಪನಿಯ ವಕೀಲರು ಮೊದಲು ನಾಗಲಿಂಗಯ್ಯನನ್ನು ಕರೆದರು. ಅವನು ಬಾಗಿಲ ಬಳಿ ನಿಂತು ಕೇಳಿದ್ದನ್ನೆಲ್ಲ ಬಾಯಿಪಾಠ ಒಪ್ಪಿಸುವವನಂತೆ ಒಪ್ಪಿಸಿದ. ಅಂದು ಹಣ್ಣಿನ ಜೊತೆಗೆ ಅವನನ್ನೂ ಏಕೆ ಕರೆತಂದಿದ್ದರೆಂದು ಆಗ ನನಗೆ ಹೊಳೆಯಿತು. ಆಮೇಲೆ ಸಾಬರನ್ನು ಕಟಕಟೆಗೆ ನಿಲ್ಲಿಸಿದರು.

"ನೀನು ಮಾಫ್ ಮಾಡಿದೀನಿ ಅಂದದ್ದು ನಿಜವೇನಯ್ಯ?"

ನಮ್ಮ ವಕೀಲರು ಕೆಮ್ಮಿದರು. ಸಾಬರು ಅವರ ಕಡೆ ನೋಡಲಿಲ್ಲ.

"ನಿಜ. ಅಂದೆ."

"ಜ್ಞಾನ ಇತ್ತೇ?"

"ಇತ್ತು."

"ಮಾಫ್ ಮಾಡಿದ ಮೇಲೆ ಮತ್ತೆ ಯಾಕಪ್ಪ ಬಂದೆ?"

"ಅವರು ಬಂದು ತಲೆ ತಗ್ಗಿಸಿದ್ರು. ಗುನ್ನೆ ಮಾಫ್ ಮಾಡಿದೆ. ಕಾಲು ಕೊಟ್ಬುಡು ಅಂತ ಅವರೂ ಕೇಳಿಲ್ಲ, ನಾನೂ ಕೊಟ್ಟಿಲ್ಲ."

ಹಿಂದೆ ಕುಳಿತಿದ್ದವರು ನಕ್ಕರು. ನ್ಯಾಯಾಧೀಶರು ತಲೆಯೆತ್ತಿದ ಮೇಲೆ ನಗು ನಿಂತಿತು. ಕಂಪನಿಯ ವಕೀಲರು ಮುಂದುವರಿಸಿದರು. ಕಲಾಯಿ ಕೈಗೆಲಸ, ಎರಡು ಕೈಯೂ ನೆಟ್ಟಗಿವೆ. ತಿಕ್ಕುವುದಕ್ಕೆ ಹುಡುಗನೊಬ್ಬನನ್ನು ಇಟ್ಟುಕೊಂಡರೆ ಆಯಿತು, ಈ ಕಸುಬಿನವರೆಲ್ಲ ಹಾಗೆಯೇ ಮಾಡುತ್ತಾರೆ. ಆದ್ದರಿಂದ ನಷ್ಟವೆಂದರೆ ಆ ಹುಡುಗನ ಕೂಲಿ, ಅಷ್ಟೇ. ನನ್ನ ಸರದಿ ಬಂದಾಗ ಹುಣಸೆಮರದ ಕೆಳಗೆ ನಾನು ಕಂಡ ಕೆಲಸವನ್ನು ವಿವರಿಸತೊಡಗಿದೆ. "ಕೇಳಿದಷ್ಟಕ್ಕೆ ಉತ್ತರ ಹೇಳಿ ಮೇಷ್ಟ್ರೇ. ಕಲಾಯಿ ಎಂದರೇನೆಂದು ಇಲ್ಲಿ ಎಲ್ಲರಿಗೂ ಗೊತ್ತು" ಎಂದರು ನ್ಯಾಯಾಧೀಶರು. ಅಲ್ಲಿಗೆ ನನ್ನ ಸಾಕ್ಷಿ ಮುಗಿಯಿತು.

ತೀರ್ಪು ಬಂದದ್ದು ಅರವತ್ನಾಲ್ಕರಲ್ಲಿ. ಮಾಫ್ ಎಂದ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗುವುದಿಲ್ಲವೆಂದು ನ್ಯಾಯಾಧೀಶರು ಒಪ್ಪಿದರು. ಅಷ್ಟರಮಟ್ಟಿಗೆ ಸರಿ. ಆದರೆ ನಷ್ಟಕ್ಕೆ ಹುಡುಗನ ಕೂಲಿಯ ಲೆಕ್ಕವನ್ನೇ ಹಿಡಿದರು. ಅನುಭವಿಸಿದ ನೋವು ಎಂಬ ಬಾಬ್ತಿಗೆ ಬಂದಾಗ, ಗಾಯಾಳುವು ಸ್ವಸಂತೋಷದಿಂದ ಕ್ಷಮಿಸಿರುವುದರಿಂದ ಮನಸ್ಸಿನ ವ್ಯಥೆಗೆ ಏನೂ ಸಲ್ಲುವುದಿಲ್ಲ ಎಂದರು. ಒಟ್ಟು ಒಂಬೈನೂರು ರೂಪಾಯಿ. ದ್ವೇಷ ಸಾಧಿಸಿದ್ದರೆ ಹೆಚ್ಚು ಸಿಗುತ್ತಿತ್ತೆಂದು ತಾನೆ ಇದರ ಅರ್ಥ? ಒಳ್ಳೆಯತನವನ್ನು ಲೆಕ್ಕದಲ್ಲಿ ಕೂಡದೆ ಬಿಟ್ಟಿದ್ದರೂ ಸಹಿಸಬಹುದಾಗಿತ್ತು. ಇವರು ಅದನ್ನು ಕಳೆದರು!

ಜಗಲಿಗೆ ಬಂದಾಗ ದೊಡ್ಡರಂಗಪ್ಪನವರು ಎದುರಾದರು. ಮುಖದಲ್ಲಿ ನೆಮ್ಮದಿ ಇತ್ತು.

"ಹೆಂಗೋ ಎಲ್ಲ ಸುಸೂತ್ರವಾಗಿ ಮುಗೀತಲ್ಲ ಸಾಬ್ರೆ. ಕಂಪನಿಯೋರು ಹೇಳ್ದಂಗೆ ಮಾಡ್ಬೇಕಾಯ್ತು, ಇನ್ನೇನಿಲ್ಲ. ಮನಸ್ನಾಗೆ ಏನೂ ಇಟ್ಕೋಬೇಡಿ. ಮಾಫ್ ಅಂತ ಇನ್ನೊಂದ್ಸಲ ಅಂದ್ಬುಡಿ, ನಂಗೂ ಸಮಾಧಾನ."

ಸಾಬರು ಕೋಲಿನ ಮೇಲೆ ಭಾರ ಬಿಟ್ಟು ನಿಂತರು. "ಆವತ್ತು ಕೊಟ್ಟಿದ್ದನ್ನ ನೀವು ಇಲ್ಲಿ ತಂದು ಖರ್ಚು ಮಾಡ್ಕೊಂಡ್ರಿ ಸಾಹುಕಾರ್ರೇ. ಇನ್ನೊಂದು ನನ್ನತ್ರ ಇಲ್ಲ" ಎಂದು ಹೇಳಿ ಮೆಟ್ಟಿಲಿಳಿದರು. ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದುಕೊಳ್ಳುತ್ತಿದ್ದರು. ಗೌಹರ್ ಬಿ ಬುರ್ಖಾದೊಳಗೇ ಅಳುತ್ತಿದ್ದರು.

ಆ ವರ್ಷ ಅವರು ಕೂಲಿಯವನೊಬ್ಬನನ್ನು ಕಟ್ಟಿಕೊಂಡು ಪುರವರಕ್ಕೆ ಬಂದರು. ಅವನು ಅರೆಬರೆ ತಿಕ್ಕಿದ ತಪ್ಪಲೆಗಳನ್ನು ಸಾಬರು ಕೈಯಿಂದ ತಡವಿ ತಡವಿ ನೋಡಿ ಪಕ್ಕಕ್ಕಿಟ್ಟರು. ಹೊನ್ನಕ್ಕ, "ಇರ್ಲಿ ಹಾಕ್ಬುಡು ಸಾಬಣ್ಣ, ನಾವೇನ್ ನೋಡಾಕ್ ಬತ್ತೀವಾ" ಎಂದಳು. ಅವರು ಹಾಕಲಿಲ್ಲ. ಪಾತ್ರೆಗಳನ್ನು ಹಾಗೆಯೇ ಹಿಂದಕ್ಕೆ ಕೊಟ್ಟು, ಒಲೆ ಮುಚ್ಚಿ ಹೋದರು. ಮತ್ತೆ ಆ ಕಸುಬಿಗೆ ಬರಲಿಲ್ಲ. ಶಿರಾದ ಮಸೀದಿ ಬೀದಿಯಲ್ಲಿ ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಾ ಕುಳಿತರು.

ನಾಲ್ಕೈದು ವರ್ಷಗಳ ನಂತರ ನಾನು ಅಲ್ಲಿಗೆ ಹೋದಾಗ, ಪಾವಗಡದ ಕಡೆಯ ಬಲಸಮುದ್ರದಿಂದ ಒಬ್ಬಾತ ಬಂದು ಅಂಗಡಿಯ ಮುಂದೆ ಕುಳಿತಿದ್ದ. ಪೆದ್ದಣ್ಣ ಎಂದು ಹೆಸರು. ಲಾರಿ ತಗುಲಿ ಬಲಗೈಯ ಬೆರಳುಗಳು ಹೋಗಿದ್ದವು. ಕೋರ್ಟಿಗೆ ಹೋಗಿ ಬಂದವರು ಇವರೆಂದು ಯಾರೋ ಕಳುಹಿಸಿದ್ದರು.

"ಕೈಗೆ ಎಷ್ಟ್ ಕೊಡ್ತಾರೆ ಸಾಬಣ್ಣ? ಕಾಲಿಗಿಂತ ಜಾಸ್ತಿನಾ, ಕಮ್ಮಿನಾ?"

ಸಾಬರು ಸ್ಟವ್ವಿನ ಪಿನ್ನು ಕೆಳಗಿಟ್ಟರು.

"ಅದಿರ್ಲಿ. ಆಸ್ಪತ್ರೆಗೆ ಲಾರಿಯೋರು ಯಾರಾದ್ರೂ ಬಂದಿದ್ರಾ?"

"ಇಲ್ಲ."

"ಬಂದ್ರೆ ಮಾಫ್ ಕೇಳ್ತಾರೆ. ಕೇಳಿದ್ರೆ ಮಾಡು, ಇಲ್ಲ ಅನ್ಬೇಡ. ಜೊತೇಲಿ ಬಂದೋನ್ನ ಮಾತ್ರ ಹೊರಗೆ ನಿಲ್ಸು." ಬಳಿಕ ಪೆದ್ದಣ್ಣನ ಮೊಂಡಾದ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದಿಟ್ಟುಕೊಂಡು, ಬಹಳ ಹೊತ್ತು ನೋಡಿದರು. "ಈಗ ಹೇಳು. ಈ ಕೈಲಿ ನೀನು ಏನ್ ಕೆಲಸ ಮಾಡ್ತಿದ್ದೆ? ಮೊದಲಿಂದ ಹೇಳು."